ಲೈಸೆನ್ಸ್ ಪ್ಲಂಬರ್‌ಗೆ ಕೊಟ್ಟ ದುಡ್ಡು ವಸೂಲಾಯ್ತಾ? ನಮ್ಮ ಕಾವೇರಿ ನೀರು, ಯುಜಿಡಿ (ಒಳಚರಂಡಿ) ಕನೆಕ್ಷನ್ ಕೆಲಸದ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, 5ಕ್ಕೆ 4. ಒಂದು ಅಂಕ ಹೋಗಿದ್ದು ಫೋನ್ ಎತ್ತದೇ ಇದ್ದದ್ದಕ್ಕೆ. ಕೆಲಸದಲ್ಲಿ ಕಳೆಯೋಕೆ ಏನೂ ಇಲ್ಲ.

ನಮ್ಮದು ಬೆಂಗಳೂರಿನ ಅಂಚಿನಲ್ಲಿ, ನಗರಕ್ಕೆ ಆಮೇಲೆ ಸೇರಿಸಿದ ಆ 110 ಹಳ್ಳಿ ಲೆಕ್ಕಕ್ಕೆ ಸೇರುವ ಒಂದು ಬಡಾವಣೆ. 30x40 ಸೈಟು, ಕೆಳಗೊಂದು ಮೇಲೊಂದು ಮನೆ. 2024ರ ಅಕ್ಟೋಬರ್‌ನಲ್ಲಿ ಕಾವೇರಿ 5ನೇ ಹಂತ ಶುರುವಾಯ್ತಲ್ಲ, ದಿನಕ್ಕೆ 775 ದಶಲಕ್ಷ ಲೀಟರ್ ಅಂತ, ಅದಾದ ಮೇಲೆ ನಮ್ಮ ರಸ್ತೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ಕನೆಕ್ಷನ್ ತಗೊಂಡ್ರಾ? ಯಾರ ಕೈಲಿ ಮಾಡಿಸಿದ್ರಿ? ಎಷ್ಟಾಯ್ತು? ಮೂರನೇ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಎರಡನೆಯದನ್ನು ಕೇಳಿದರೂ ಉತ್ತರ ಬರುವ ಹೊತ್ತಿಗೆ ಗಮನ ಬೇರೆ ಕಡೆ ಹೋಗಿರುತ್ತದೆ. ನನ್ನ ಪ್ರಕಾರ ಮುಖ್ಯವಾದದ್ದು ಆ ಎರಡನೆಯದೇ.

ನಿಯಮ ಏನಂದರೆ, ಬೆಂಗಳೂರು ಜಲಮಂಡಳಿಯ ನೀರಿನ ಮತ್ತು ಒಳಚರಂಡಿ ಸಂಪರ್ಕಕ್ಕೆ ಅರ್ಜಿ ಹಾಕುವುದು, ಮನೆಯಿಂದ ರಸ್ತೆವರೆಗಿನ ಕೆಲಸ ಮಾಡುವುದು ಮಂಡಳಿಯ ಲೈಸೆನ್ಸ್ ಇರುವ ಪ್ಲಂಬರ್ ಮೂಲಕ ಆಗಬೇಕು. ಇದು ಎಲ್ಲರಿಗೂ ಗೊತ್ತು ಅಂದುಕೊಂಡಿದ್ದೆ. ನಮ್ಮ ರಸ್ತೆಯಲ್ಲಿ ಅರ್ಧ ಜನಕ್ಕೆ ಗೊತ್ತಿರಲಿಲ್ಲ, ಉಳಿದವರಿಗೆ ಗೊತ್ತಿತ್ತು ಆದರೆ "ಅದೆಲ್ಲಾ ಸುಮ್ನೆ ಫಾರ್ಮಾಲಿಟಿ" ಅನ್ನೋ ಭಾವನೆ. ಮನೆ ಕಟ್ಟಿದ ಮೇಸ್ತ್ರಿಗೇ ಹೇಳಿದರೆ ಅವನೇ ಯಾರನ್ನೋ ಕರೆತಂದು ಮುಗಿಸಿಬಿಡುತ್ತಾನೆ, ನಾವ್ಯಾಕೆ ತಲೆ ಕೆಡಿಸಿಕೊಳ್ಳೋದು ಅಂತ.

ನಾನು ಮೊದಲು ಮಾತಾಡಿದ್ದು ಅಂಥ ಒಬ್ಬ ಕಂಟ್ರಾಕ್ಟರ್ ಹತ್ತಿರವೇ. ಹೆಸರು ಬೇಡ. ಮಾತು ಜೋರು, ರೇಟು ಕಮ್ಮಿ. "ನೀರು, ಸ್ಯಾನಿಟರಿ ಎರಡೂ ಸೇರಿಸಿ ಒಂದೇ ಪ್ಯಾಕೇಜ್ ಮೇಡಂ, ಆಫೀಸ್ ಖರ್ಚೂ ಅದರಲ್ಲೇ" ಅಂದ. ಲೈಸೆನ್ಸ್ ತೋರಿಸಿ ಅಂದೆ. ಮೊಬೈಲ್‌ನಲ್ಲಿ ಜಿಎಸ್‌ಟಿ ಸರ್ಟಿಫಿಕೇಟ್ ತೋರಿಸಿದ! ಇದಲ್ಲ ಅಂದರೆ ಅಂಗಡಿಯ ಟ್ರೇಡ್ ಲೈಸೆನ್ಸ್ ತೋರಿಸಿದ. ಜಲಮಂಡಳಿದು ಕೊಡಿ ಅಂದಾಗ, "ಸಹಿ ನಮ್ಮ ಕಡೆಯವರು ಹಾಕ್ತಾರೆ ಮೇಡಂ, ನೀವ್ಯಾಕೆ ಟೆನ್ಷನ್ ತಗೋತೀರಾ." ಅಲ್ಲಿಗೆ ಮುಗೀತು. ಸಹಿ ಒಬ್ಬರದು, ಗುದ್ದಲಿ ಇನ್ನೊಬ್ಬರದು ಅಂದರೆ ನಾಳೆ ರಸ್ತೆ ಕುಸಿದಾಗ ಯಾರನ್ನು ಹುಡುಕೋದು?

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ "ಲೈಸೆನ್ಸ್ ಇದೆ" ಅನ್ನುವ ಒಂದು ಮಾತಿನ ಹಿಂದೆ ಬೇರೆ ಬೇರೆ ಕಾಗದಗಳು ಅಡಗಿಕೊಂಡಿರುತ್ತವೆ. ಟೆಂಡರ್ ಹಿಡಿದು ರಸ್ತೆಯ ಮೇನ್ ಲೈನ್ ಹಾಕುವ ದೊಡ್ಡ ಕಂಟ್ರಾಕ್ಟರ್‌ಗಳು ಬೇರೆ, ಅವರದು ಕ್ಲಾಸ್ 1, ಕ್ಲಾಸ್ 2 ಅಂತ ಲೋಕೋಪಯೋಗಿ ಇಲಾಖೆಯ ರೀತಿ ನೋಂದಣಿ. ಅದು ಇದೆ ಅಂತ ನಮ್ಮ ಮನೆ ಕನೆಕ್ಷನ್ ಅರ್ಜಿಗೆ ಸಹಿ ಹಾಕೋಕೆ ಆಗಲ್ಲ. ಟ್ರೇಡ್ ಲೈಸೆನ್ಸ್ ಅಂದರೆ ಅಂಗಡಿ ಇಡೋಕೆ ಪಾಲಿಕೆ ಕೊಡುವ ಪರವಾನಗಿ, ಅದಕ್ಕೂ ಪೈಪಿಗೂ ಸಂಬಂಧ ಇಲ್ಲ. ಐಟಿಐ ಪ್ಲಂಬಿಂಗ್ ಸರ್ಟಿಫಿಕೇಟ್ ಇದ್ದರೆ ಒಳ್ಳೆಯದೇ, ಆದರೆ ಅದು ಓದಿದ್ದಕ್ಕೆ ಸಿಕ್ಕ ಕಾಗದ, ಕನೆಕ್ಷನ್ ಕೊಡಿಸುವ ಅಧಿಕಾರ ಅಲ್ಲ. ಇನ್ನು ಜಲಮಂಡಳಿಯ ಲೈಸೆನ್ಸ್ ಮಂಡಳಿಯ ವ್ಯಾಪ್ತಿಗೆ ಮಾತ್ರ. ಮೈಸೂರಿನಲ್ಲಿ ನೀರು ನೋಡಿಕೊಳ್ಳೋದು ವಾಣಿ ವಿಲಾಸ ವಾಟರ್ ವರ್ಕ್ಸ್, ಬೇರೆ ಊರುಗಳಲ್ಲಿ ಅಲ್ಲಿನ ನಗರಸಭೆ. ಕರೆಂಟ್ ಕೆಲಸಕ್ಕೆ ಇಡೀ ರಾಜ್ಯಕ್ಕೆ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಅಂತ ಒಂದಿದೆ ನೋಡಿ, ನೀರಿನ ಕೆಲಸಕ್ಕೆ ಹಾಗಿಲ್ಲ. ಕರೆಂಟ್ ಹೊಡೆದರೆ ತಕ್ಷಣ ಗೊತ್ತಾಗುತ್ತೆ, ಪೈಪ್ ಸೋರಿದರೆ ತಿಂಗಳುಗಟ್ಟಲೆ ಗೊತ್ತಾಗಲ್ಲ, ಅದಕ್ಕೇ ಏನೋ ಈ ಅಸಡ್ಡೆ.

ನಮಗೆ ಕೊನೆಗೆ ಸಿಕ್ಕವರು ಐವತ್ತು ದಾಟಿದ ಒಬ್ಬರು. ಜಲಮಂಡಳಿಯ ಸಬ್ ಡಿವಿಷನ್ ಕಚೇರಿಯಲ್ಲಿ ವಿಚಾರಿಸಿದಾಗ ಈ ಕಡೆ ಕೆಲಸ ಮಾಡುವ ಲೈಸೆನ್ಸ್ ಪ್ಲಂಬರ್‌ಗಳ ಹೆಸರು ಸಿಕ್ಕಿತು, ಅದರಲ್ಲಿ ಇವರನ್ನು ಕರೆದೆವು. ಕೇಳುವ ಮೊದಲೇ ಕಾರ್ಡ್ ತೆಗೆದು ಟೇಬಲ್ ಮೇಲೆ ಇಟ್ಟರು. ನಾನು ನೋಡಿದ್ದು ಮೂರು ವಿಷಯ: ಫೋಟೋ ಇವರದೇನಾ, ಅವಧಿ ಮುಗಿದಿಲ್ಲ ತಾನೇ, ಅರ್ಜಿಯಲ್ಲಿ ಬರೆಯುವ ನಂಬರ್ ಇದೇನಾ. ಆಮೇಲೆ ಒಂದು ಪ್ರಶ್ನೆ ಕೇಳಿದೆ, ಅದನ್ನು ನೀವೂ ಕೇಳಿ: "ಅಣ್ಣ, ಗುಂಡಿ ತೋಡೋ ದಿನ ನೀವೇ ಇರ್ತೀರಾ?" ಅವರು ನಕ್ಕು, "ಇರದಿದ್ರೆ ನನ್ ಲೈಸೆನ್ಸೇ ಗುಂಡಿಗೆ ಹೋಗುತ್ತೆ ಅಮ್ಮ" ಅಂದರು. ಕಳ್ಳ ಕನೆಕ್ಷನ್ ಕೊಟ್ಟರೆ, ಕಳಪೆ ಕೆಲಸ ಮಾಡಿದರೆ ಮಂಡಳಿ ಕೇಳುವುದು ಅರ್ಜಿಯಲ್ಲಿ ಹೆಸರಿರುವವರನ್ನೇ. ಈ ಭಯಕ್ಕೆ ನಾನು ದುಡ್ಡು ಕೊಟ್ಟಿದ್ದು ಅಂತ ಬೇಕಾದರೆ ಹೇಳಿ, ಒಪ್ಪುತ್ತೇನೆ.

ಕಾಗದಪತ್ರದ ಕಥೆ ಬೇಗ ಮುಗಿಸುತ್ತೇನೆ. ಖಾತಾ, ತೆರಿಗೆ ಕಟ್ಟಿದ ರಸೀದಿ, ಪ್ಲಾನ್ ಮಂಜೂರಾತಿ, ಮಳೆನೀರು ಕೊಯ್ಲು ಮಾಡಿರುವುದಕ್ಕೆ ಫೋಟೋ. ಈ ಮಳೆನೀರು ಕೊಯ್ಲನ್ನು ಸುಮ್ಮನೆ ಬಿಡಬೇಡಿ, 1,200 ಚದರ ಅಡಿ ಮತ್ತು ಅದಕ್ಕಿಂತ ದೊಡ್ಡ ಸೈಟಿನಲ್ಲಿ ಹೊಸ ಮನೆ ಕಟ್ಟಿದರೆ ಕಡ್ಡಾಯ, 2009ರಿಂದ ಇದೆ ಈ ನಿಯಮ. ಒಂದು ಡ್ರಮ್ ತಂದಿಟ್ಟು ಫೋಟೋ ಹೊಡೆಯುವವರನ್ನೂ ನೋಡಿದ್ದೇನೆ.

ಇನ್ನೊಂದು ತಲೆಬಿಸಿ ಓಸಿ, ಅಂದರೆ ಸ್ವಾಧೀನಾನುಭವ ಪತ್ರ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಓಸಿ ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು, ಒಳಚರಂಡಿ ಸಂಪರ್ಕ ಕೊಡಬಾರದು ಅಂದಿತು. ಬೆಂಗಳೂರಿನಲ್ಲಿ ಹೊಸ ಮನೆ ಕಟ್ಟಿದವರೆಲ್ಲ ಕಂಗಾಲು. 2025ರಲ್ಲಿ ರಾಜ್ಯ ಸರ್ಕಾರ 1,200 ಚದರ ಅಡಿವರೆಗಿನ ಸೈಟಿನ ಸಣ್ಣ ಮನೆಗಳಿಗೆ ವಿನಾಯಿತಿ ಕೊಟ್ಟಿತು. ಅಗ್ಗದ ಪ್ಯಾಕೇಜ್‌ನವನು ಇದರ ಬಗ್ಗೆ ಒಂದು ಮಾತೂ ಎತ್ತಿರಲಿಲ್ಲ. ನಮ್ಮ ಪ್ಲಂಬರ್ ಮೊದಲ ದಿನವೇ ಪ್ಲಾನ್ ನೋಡಿ, ಎಷ್ಟು ಮಹಡಿ, ಸೈಟ್ ಅಳತೆ ಎಷ್ಟು ಅಂತ ಕೇಳಿ, ನಿಮಗೆ ಯಾವುದು ಅನ್ವಯ ಆಗುತ್ತೆ ಅಂತ ಬಿಡಿಸಿ ಹೇಳಿದರು. ಅರ್ಜಿ ತಿರುಗಿ ಬರಲಿಲ್ಲ.

ದುಡ್ಡಿನ ವಿಷಯದಲ್ಲಿ ಅವರದು ಒಂದು ಒಳ್ಳೆ ಪದ್ಧತಿ. ಮಂಡಳಿಗೆ ಕಟ್ಟಬೇಕಾದ ಹಣ ಅವರ ಕೈಗೆ ತೆಗೆದುಕೊಳ್ಳಲೇ ಇಲ್ಲ. ಪ್ರೊ-ರಾಟಾ ಶುಲ್ಕ (ಕಟ್ಟಡದ ವಿಸ್ತೀರ್ಣದ ಲೆಕ್ಕದಲ್ಲಿ ಹಾಕುವುದು), ಮೀಟರ್, ತಪಾಸಣೆ ಶುಲ್ಕ, ಎಲ್ಲವೂ ಮಂಡಳಿ ಕಳಿಸುವ ಡಿಮ್ಯಾಂಡ್ ನೋಟಿಸ್‌ನಲ್ಲಿ ಬರುತ್ತೆ, ನೀವೇ ಕಟ್ಟಿ ರಸೀದಿ ಇಟ್ಟುಕೊಳ್ಳಿ ಅಂದರು. ರೋಡ್ ಕಟಿಂಗ್ ಅನುಮತಿಯ ಹಣವೂ ಹಾಗೆಯೇ. ಅವರ ಕೂಲಿ, ಸಾಮಾನು ಬೇರೆ ಚೀಟಿ. "ಎಲ್ಲಾ ಸೇರಿಸಿ ಇಷ್ಟು" ಅನ್ನುವವರ ಹತ್ತಿರ ಯಾವುದು ಸರ್ಕಾರಕ್ಕೆ ಹೋಯ್ತು, ಯಾವುದು ಜೇಬಿಗೆ ಹೋಯ್ತು ಅಂತ ಬ್ರಹ್ಮನಿಗೂ ಗೊತ್ತಾಗಲ್ಲ. ಒಟ್ಟಿಗೆ ಕಟ್ಟೋಕೆ ಕಷ್ಟ ಆಗುವವರಿಗೆ ಸರಳ ಕಾವೇರಿ ಅಂತ ಕಂತಿನ ಯೋಜನೆ ಇದೆ, ಅದನ್ನೂ ಹೇಳಿದ್ದು ಇವರೇ.

ಈಗ ನಿಜವಾದ ಕೆಲಸಕ್ಕೆ ಬರೋಣ. ಜನ ಕಾವೇರಿ ಕಾವೇರಿ ಅಂತಾರೆ. ಆದರೆ ನೀರಿನ ಪೈಪ್ ಹಾಕೋದು ದೊಡ್ಡ ವಿಷಯವೇ ಅಲ್ಲ, ಒತ್ತಡದಲ್ಲಿ ಬರುವ ನೀರು ಮೇಲಕ್ಕೂ ಹೋಗುತ್ತೆ, ಅಡ್ಡಕ್ಕೂ ಹೋಗುತ್ತೆ. ಪ್ಲಂಬರ್ ಯೋಗ್ಯತೆ ಗೊತ್ತಾಗೋದು ಸ್ಯಾನಿಟರಿ ಲೈನಿನಲ್ಲಿ. ಅಲ್ಲಿ ತಳ್ಳೋಕೆ ಯಾವ ಮೋಟರೂ ಇಲ್ಲ, ಇಳಿಜಾರೇ ಎಲ್ಲಾ.

ನಮ್ಮ ಹಿಂದಿನ ಬಾತ್‌ರೂಮಿನಿಂದ ಗೇಟಿನವರೆಗೆ ಸುಮಾರು 40 ಅಡಿ. ನಾಲ್ಕು ಇಂಚಿನ ಪೈಪಿಗೆ ಹೆಚ್ಚುಕಮ್ಮಿ 60ಕ್ಕೆ 1 ಇಳಿಜಾರು (60 ಅಡಿ ಉದ್ದಕ್ಕೆ 1 ಅಡಿ ಇಳಿತ) ಬೇಕು, ಆರು ಇಂಚಿನದಾದರೆ 100ಕ್ಕೆ 1 ಸಾಕು. ಅಂದರೆ ನಾಲ್ಕು ಇಂಚಿನ ಪೈಪ್ ನಮ್ಮ 40 ಅಡಿಗೆ ಎಂಟು ಇಂಚು ಇಳಿಯಬೇಕು. ಇದನ್ನು ಅವರು ಕಣ್ಣಂದಾಜಿನಲ್ಲಿ ಮಾಡಲಿಲ್ಲ. ಪಾರದರ್ಶಕ ಟ್ಯೂಬಿಗೆ ನೀರು ತುಂಬಿಸಿ, ಗಾಳಿಗುಳ್ಳೆ ಒಂದೂ ಇರದಂತೆ ಬೆರಳಿಂದ ತಟ್ಟಿ ತಟ್ಟಿ ಹೊರಡಿಸಿ, ಒಂದು ತುದಿ ಹಿಂದೆ ಹುಡುಗನ ಕೈಲಿ, ಇನ್ನೊಂದು ತುದಿ ಗೇಟಿನ ಹತ್ತಿರ ತಾವು ಹಿಡಿದು, ಕಾಂಪೌಂಡ್ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾ ಬಂದರು. ಆ ಗೆರೆಯಿಂದ ಕೆಳಕ್ಕೆ ಅಳತೆ ಹಿಡಿದು ಗುಂಡಿಯ ಆಳ. ತಿರುವು ಬಂದ ಕಡೆ ಚೇಂಬರ್, ಅಂದರೆ ಮುಚ್ಚಳ ತೆಗೆದು ನೋಡಬಹುದಾದ ಸಣ್ಣ ತೊಟ್ಟಿ. ನೆಲದೊಳಗೆ ಸುಮ್ಮನೆ ಒಂದು ಬೆಂಡ್ ಹಾಕಿ ಮಣ್ಣು ಮುಚ್ಚಿದರೆ ಕಟ್ಟಿಕೊಂಡ ದಿನ ಕೋಲು ಹಾಕೋಕೂ ಜಾಗ ಇರಲ್ಲ ಅಂದರು.

ಪೈಪ್ ಕೂರಿಸಿದ ಮೇಲೆ ಮಣ್ಣು ಮುಚ್ಚೋಕೆ ಬಿಡಲಿಲ್ಲ. ಕೆಳಗಿನ ತುದಿಗೆ ಬಿರಡೆ ಹಾಕಿ, ಮೇಲಿನ ಚೇಂಬರ್‌ನಿಂದ ನೀರು ತುಂಬಿಸಿ, ಮಟ್ಟ ಇಳಿಯುತ್ತಾ ಅಂತ ಕಾದು ನೋಡಿದರು. ಎರಡನೇ ಜಾಯಿಂಟ್ ಹತ್ತಿರ ಮಣ್ಣು ಸ್ವಲ್ಪ ಕಪ್ಪಾಯ್ತು, ಬಿಚ್ಚಿ ಮತ್ತೆ ಕೂರಿಸಿದರು. ಕೊನೆಗೆ ನನ್ನ ಮಗನ ಟೆನಿಸ್ ಬಾಲ್ ಕೇಳಿದರು! ಮೇಲಿನ ಚೇಂಬರ್‌ನಲ್ಲಿ ಬಿಟ್ಟರೆ ಗೇಟಿನ ಹತ್ತಿರದ ಚೇಂಬರ್‌ನಲ್ಲಿ ಟಪ್ ಅಂತ ಬಂದು ಬಿತ್ತು. ಒಳಗೆ ಸಿಮೆಂಟ್ ಉಂಡೆ ಉಳಿದಿದ್ದರೆ, ಪೈಪ್ ಎಲ್ಲಾದರೂ ಕುಸಿದಿದ್ದರೆ ಬಾಲ್ ಅಲ್ಲೇ ನಿಲ್ಲುತ್ತೆ. ಪುಸ್ತಕದ ಪ್ರಕಾರ ಪೈಪಿನ ಅಳತೆಗಿಂತ ಕೊಂಚವೇ ಸಣ್ಣ ಇರುವ ಚೆಂಡು ಬೇಕಂತೆ, ಇವರದು ಮನೆಮಟ್ಟಿಗೆ. ಮಗನಂತೂ ಬಾಲ್ ವಾಪಸ್ ಬೇಡ ಅಂದ.

ನಮ್ಮ ರಸ್ತೆ ಮನೆಗಿಂತ ಸ್ವಲ್ಪ ಎತ್ತರ. ಅದಕ್ಕೆ ಕೊನೇ ಚೇಂಬರ್‌ಗೆ ನಾನ್ ರಿಟರ್ನ್ ವಾಲ್ವ್ ಹಾಕಿಸಿ ಅಂದರು. ಮ್ಯಾನ್‌ಹೋಲ್ ತುಂಬಿದಾಗ ಊರಿನ ಗಲೀಜೆಲ್ಲಾ ನಮ್ಮ ಬಾತ್‌ರೂಮಿಗೆ ನುಗ್ಗದಂತೆ. ಇದು ಚೀಟಿಯಲ್ಲಿ ಇರದ ಖರ್ಚು, ಮೊದಲು ಮುಖ ಗಂಟು ಹಾಕಿಕೊಂಡೆ, ಆಮೇಲೆ ಹಾಕಿಸಿದೆ. ಮಳೆನೀರಿನ ಪೈಪನ್ನು ಮಾತ್ರ ಯುಜಿಡಿಗೆ ಸೇರಿಸೋಕೆ ಸುತರಾಂ ಒಪ್ಪಲಿಲ್ಲ. ನಮ್ಮ ಯಜಮಾನರು, "ಜಾಸ್ತಿ ಬಂದಿದ್ದು ಅಲ್ಲೇ ಹೋಗಲಿ ಬಿಡಿ" ಅಂದಿದ್ದಕ್ಕೆ, "ಸಾರ್, ಹಿಂಗೇ ಎಲ್ಲರೂ ಬಿಟ್ಟಿದ್ದಕ್ಕೇ ಮಳೆ ಬಂದಾಗ ಮ್ಯಾನ್‌ಹೋಲ್ ಮುಚ್ಚಳ ಹಾರೋದು" ಅಂತ ಖಡಕ್ಕಾಗಿ ಹೇಳಿದರು. ಒಳಚರಂಡಿ ಪೈಪ್‌ಗಳನ್ನು ಮನೆಯ ಕೊಳಚೆ ನೀರಿನ ಲೆಕ್ಕ ಹಿಡಿದು ಹಾಕಿರುತ್ತಾರೆ, ಚಾವಣಿ ಮೇಲೆ ಬಿದ್ದ ಮಳೆಯನ್ನೆಲ್ಲಾ ಅದಕ್ಕೆ ಬಿಟ್ಟರೆ ಇನ್ನೇನಾಗುತ್ತೆ.

ನಾಲ್ಕು ಮನೆ ಆಚೆ ಒಬ್ಬರು ಲೈಸೆನ್ಸ್ ಇಲ್ಲದವನ ಕೈಲಿ ಮಾಡಿಸಿದರು. ಅಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಹೇಳಲೇಬೇಕು. ರಸ್ತೆಯ ಮ್ಯಾನ್‌ಹೋಲ್ ಗೋಡೆಗೆ ಒಳಗಿನಿಂದ ತೂತು ಹೊಡೆಯಬೇಕಿತ್ತಂತೆ. ಮುಚ್ಚಳ ತೆಗೆದು, ಹತ್ತೊಂಬತ್ತು ಇಪ್ಪತ್ತರ ಹುಡುಗನೊಬ್ಬನ ಸೊಂಟಕ್ಕೆ ಹಗ್ಗ ಕಟ್ಟಿ, ಕೈಗೆ ಉಳಿ ಸುತ್ತಿಗೆ ಕೊಟ್ಟು ಇಳಿಸೋಕೆ ಹೊರಟಿದ್ದರು. ಕೈಗವಸಿಲ್ಲ, ಮುಖಕ್ಕೆ ಏನೂ ಇಲ್ಲ, ಕಾಲಲ್ಲಿ ಹವಾಯಿ ಚಪ್ಪಲಿ. ನಮ್ಮ ಪ್ಲಂಬರ್ ಆಗ ನಮ್ಮ ಗೇಟಿನಲ್ಲೇ ಇದ್ದರು. ಓಡಿಹೋಗಿ ಹಗ್ಗ ಕಿತ್ತುಕೊಂಡರು. ದೊಡ್ಡ ಜಗಳವೇ ಆಯ್ತು. "ಇವನಿಗೇನಾದ್ರೂ ಆದ್ರೆ ಮನೆ ಯಜಮಾನ್ರನ್ನೂ ಹಿಡಿದು ಒಳಗೆ ಹಾಕ್ತಾರೆ, ಗೊತ್ತಾ" ಅಂತ ಕೂಗಿದ್ದು ಆ ಮನೆಯವರಿಗೂ ಕೇಳಿಸಿತು, ಆಗ ನಿಂತಿತು ಕೆಲಸ.

ಅವರು ಹೆದರಿಸೋಕೆ ಹೇಳಿದ್ದಲ್ಲ. 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ಪ್ರಕಾರ, ಸುರಕ್ಷತಾ ಸಾಧನ ಇಲ್ಲದೆ ಮನುಷ್ಯರನ್ನು ಒಳಚರಂಡಿ ಅಥವಾ ಸೆಪ್ಟಿಕ್ ಟ್ಯಾಂಕ್ ಸ್ವಚ್ಛಗೊಳಿಸೋಕೆ ಇಳಿಸುವಂತಿಲ್ಲ. ಮೊದಲ ಸಲವೇ ಎರಡು ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಕಂಟ್ರಾಕ್ಟರ್‌ಗೆ ಮಾತ್ರ ಅಂತ ಅದರಲ್ಲಿಲ್ಲ, ಯಾರೇ ಇಳಿಸಿದರೂ ಅಷ್ಟೇ. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇಂಥ ಸಾವಿಗೆ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಸ್ವಚ್ಛ ಮಾಡೋಕಲ್ಲ, ತೂತು ಹೊಡೆಯೋಕೆ ಇಳಿಸಿದ್ದು ಅಂತ ಯಾರಾದರೂ ವಾದ ಮಾಡಬಹುದು. ಒಳಗಿರುವ ವಿಷಗಾಳಿಗೆ ಈ ವ್ಯತ್ಯಾಸ ತಿಳಿಯಲ್ಲ. ಲೈನ್ ಕಟ್ಟಿಕೊಂಡರೆ ಜಲಮಂಡಳಿಯ 1916ಕ್ಕೆ ಫೋನ್ ಮಾಡಿ, ನೀರಿನ ರಭಸದಿಂದ ಲೈನ್ ಬಿಡಿಸುವ ಜೆಟ್ಟಿಂಗ್ ಯಂತ್ರ ಬರುತ್ತೆ. ರಸ್ತೆಯ ಮ್ಯಾನ್‌ಹೋಲ್ ಮುಚ್ಚಳಕ್ಕೆ ನಾವು ನೀವು ಕೈ ಹಾಕುವ ಹಾಗೇ ಇಲ್ಲ.

ನೀರಿನ ಕನೆಕ್ಷನ್ ದಿನ ವಿಶೇಷ ಏನೂ ಆಗಲಿಲ್ಲ. ಮೇನ್ ಲೈನಿಗೆ ಸ್ಯಾಡಲ್ (ಪೈಪನ್ನು ತಬ್ಬಿ ಹಿಡಿಯುವ ಪಟ್ಟಿ) ಕೂರಿಸಿ ಫೆರೂಲ್ (ಮನೆ ಪೈಪಿಗೆ ನೀರು ತಿರುಗಿಸುವ ಸಣ್ಣ ಜೋಡಣೆ) ಹಾಕಿದ್ದು ಮಂಡಳಿಯವರ ಎದುರಿಗೆ. ಒಂದೇ ಒಂದು ಗಮನಿಸಿದೆ, ಫೆರೂಲ್‌ನಿಂದ ಹೊರಡುವ ಪೈಪನ್ನು ಬಿಗಿಯಾಗಿ ಎಳೆಯದೆ ಸ್ವಲ್ಪ ಬಾಗು ಬಿಟ್ಟರು, ಮೇಲೆ ಲಾರಿ ಓಡಾಡಿ ಮಣ್ಣು ಕುಸಿದರೂ ಜಾಯಿಂಟ್ ಕಿತ್ತುಕೊಳ್ಳದ ಹಾಗೆ. ಸ್ಯಾನಿಟರಿ ಪೈಪ್ ಒಂದು ಪಕ್ಕ ಆಳದಲ್ಲಿ, ನೀರಿನ ಪೈಪ್ ಇನ್ನೊಂದು ಪಕ್ಕ ಅದಕ್ಕಿಂತ ಮೇಲೆ. ಗುಂಡಿ ತೋಡುವ ಕೂಲಿ ಉಳಿಯುತ್ತೆ ಅಂತ ಎರಡನ್ನೂ ಒಂದೇ ಗುಂಡಿಗೆ ತುರುಕುವವರು ಇದ್ದಾರೆ. ನೀರು ದಿನವಿಡೀ ಬರಲ್ಲ. ನಿಂತಾಗ ಪೈಪ್ ಖಾಲಿಯಾಗಿ ಸುತ್ತಲಿನ ಕೊಳಚೆಯನ್ನು ಬಿರುಕಿನಿಂದ ಒಳಗೆ ಎಳೆದುಕೊಳ್ಳುತ್ತೆ. 2022ರಲ್ಲಿ ರಾಯಚೂರಿನಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರಿನಿಂದ ಜನ ಸತ್ತ ಸುದ್ದಿ ಓದಿದ ಮೇಲೆ, ಕೂಲಿ ಉಳಿಸುವ ಜಾಗ ಇದಲ್ಲ ಅನ್ನಿಸುತ್ತೆ.

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವ ನಮ್ಮ ಚಿಕ್ಕಪ್ಪನ ಮಗನಿಗೆ ಇದೆಲ್ಲಾ ಹೇಳಿದರೆ ಅವನು ನಕ್ಕ. ಅಲ್ಲಿ ರಾಜ್ಯಕ್ಕೆಲ್ಲಾ ಒಂದೇ ಲೈಸೆನ್ಸ್ ಮಂಡಳಿ. ಪ್ಲಂಬಿಂಗ್‌ಗೆ ಸಿ-36, ಸೆಪ್ಟಿಕ್ ಟ್ಯಾಂಕ್, ಸೀವರ್ ಕೆಲಸಕ್ಕೆ ಸಿ-42 ಅಂತ ಬೇರೆ ಬೇರೆ ವರ್ಗ. ನಾಲ್ಕು ವರ್ಷ ಕೆಲಸ ಮಾಡಿದ ಅನುಭವ ಬೇಕು, ಕಾನೂನು ವ್ಯವಹಾರದ ಬಗ್ಗೆ ಒಂದು ಪರೀಕ್ಷೆ, ಕಸುಬಿನ ಬಗ್ಗೆ ಇನ್ನೊಂದು. ಅದರ ಮೇಲೆ 25,000 ಡಾಲರ್ ಬಾಂಡ್, ಅಂದರೆ ಕೆಲಸ ಕೆಟ್ಟರೆ ಗ್ರಾಹಕರಿಗೆ ಆಸರೆಯಾಗುವ ಭದ್ರತೆ. ಪ್ಲಂಬಿಂಗ್ ಕಂಟ್ರಾಕ್ಟರ್ ಗಾಡಿ ಮೇಲೆ ಲೈಸೆನ್ಸ್ ನಂಬರ್ ಬರೆಸಲೇಬೇಕು, ಆ ನಂಬರ್ ಹಾಕಿ ಮಂಡಳಿಯ ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಲೈಸೆನ್ಸ್ ಇಲ್ಲದವರು ಮಾಡಬಹುದಾದದ್ದು 1,000 ಡಾಲರ್‌ಗಿಂತ ಕಮ್ಮಿಯ ಚಿಲ್ಲರೆ ಕೆಲಸ ಮಾತ್ರ, ಅದೂ 2025ರಿಂದ, ಮೊದಲು 500 ಇತ್ತು. ಚೆನ್ನಾಗಿದೆ. ಆದರೆ ಅವನ ಮನೆಯಿಂದ ರಸ್ತೆವರೆಗಿನ ಪೈಪ್ ಬದಲಿಸೋಕೆ ಕೊಟ್ಟ ಬಿಲ್ ಕೇಳಿದ ಮೇಲೆ ನಗುವ ಸರದಿ ನನ್ನದು. ನಮಗೆ ಅಷ್ಟೆಲ್ಲಾ ಬೇಡ, ಆ ಗಾಡಿ ಮೇಲೆ ನಂಬರ್ ಬರೆಸುವ ಒಂದು ನಿಯಮ ಇಲ್ಲಿಗೆ ಬಂದರೂ ಸಹಿ ಬಾಡಿಗೆಗೆ ಕೊಡುವ ವ್ಯಾಪಾರ ಅರ್ಧಕ್ಕೆ ಇಳಿಯುತ್ತೆ.

ಈಗ ದೂರುಗಳು. ಇವರು ಫೋನ್ ಎತ್ತಲ್ಲ. ಸಂಜೆ ಆರರ ಮೇಲಂತೂ ಕೇಳಲೇಬೇಡಿ. "ನಾಳೆ ಬರ್ತೀನಿ" ಅಂದರೆ ಅದು ನಾಡಿದ್ದು, ಹಬ್ಬ ಇದ್ದರೆ ಅದರಾಚೆ. ಅಗೆದ ಮಣ್ಣು ಎತ್ತಿಸೋಕೆ ನಾವೇ ಟ್ರಾಕ್ಟರ್‌ನವನನ್ನು ಕರೆಸಬೇಕಾಯ್ತು, ರಸ್ತೆ ತೇಪೆ ಹಾಕುವವರೆಗೆ ಎದುರು ಮನೆಯ ಆಂಟಿ ನಮ್ಮ ಜೊತೆ ಮಾತು ಬಿಟ್ಟಿದ್ದರು. ಕೂಲಿ ಮೊದಲು ಹೇಳಿದ ಕಂಟ್ರಾಕ್ಟರ್‌ಗಿಂತ ಏಳೆಂಟು ಸಾವಿರ ಜಾಸ್ತಿ, ಚೌಕಾಸಿಗೆ ಬಗ್ಗಲ್ಲ, ಅಡ್ವಾನ್ಸ್ ನಗದೇ ಬೇಕು ಅಂತಾರೆ. ಆದರೆ ಮಣ್ಣು ಮುಚ್ಚುವ ಮೊದಲು ಇಡೀ ಲೈನಿನ ಫೋಟೋ ತೆಗೆಸಿ, ಯಾವ ಗೋಡೆಯಿಂದ ಎಷ್ಟು ಅಡಿ ದೂರದಲ್ಲಿ ಯಾವ ಪೈಪ್ ಇದೆ ಅಂತ ಹಾಳೆ ಮೇಲೆ ಗೀಚಿ ಕೊಟ್ಟು ಹೋದರು. ಅದನ್ನು ಖಾತಾ ಫೈಲಿನಲ್ಲೇ ಇಟ್ಟಿದ್ದೇನೆ.

ನಂಬರ್ ಕೇಳಬೇಡಿ, ಅವರನ್ನು ಕೇಳದೆ ಹಾಕಲ್ಲ, ಹಾಕಿದರೂ ಅವರು ಎತ್ತಲ್ಲ. ನಿಮ್ಮ ಸಬ್ ಡಿವಿಷನ್ ಕಚೇರಿಯಲ್ಲೇ ವಿಚಾರಿಸಿ, ಕಾರ್ಡ್ ಮೇಲಿನ ದಿನಾಂಕ ನೋಡಿ, ಗುಂಡಿ ತೋಡುವ ದಿನ ಕಾರ್ಡಿನಲ್ಲಿರುವ ಮುಖವೇ ಬಂದಿದೆಯಾ ಅಂತ ನೋಡಿಕೊಂಡು ಗೇಟ್ ತೆಗೆಯಿರಿ.